ಡಾ. ಮಿಲೆಯ್ಕೊಫ್ಸ್ಕಿ ಫಲಕಕ್ಕೆ ಏನು ಬರೆಯೋದು? (ವಾರ್ಸಾ ಘೆಟ್ಟೊ, ಹಸಿವಿನ ಕಾಯಿಲೆಯ ಅಧ್ಯಯನ, 1942)

ಪುಟತಿರುವಿ
ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಜನವರಿ 27ಕ್ಕೆ (ನಾತ್ಸಿಗಳು ನಡೆಸಿದ ಯೆಹೂದಿ ಹತ್ಯಾಕಾಂಡದ ಸ್ಮರಣೆಯ ದಿನ) ಒಂದು ಕನ್ನಡ ಫಲಕ ಹಾಕಬೇಕಿದೆ. ನಾತ್ಸಿಗಳು ಕೊಂದ ಯೆಹೂದಿ ವೈದ್ಯ-ಸಂಶೋಧಕರೊಬ್ಬರ ನೆನಪಿಗೆ. ಅವರಿದ್ದದ್ದು ವಾರ್ಸಾ ಘೆಟ್ಟೊದಲ್ಲಿ, ಅಂದರೆ ಪೋಲೆಂಡಿನ ವಾರ್ಸಾ ನಗರದಲ್ಲಿ ನಾತ್ಸಿಗಳು ಯೆಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ್ದ ಜಾಗದಲ್ಲಿ. ಎ2 ಅಳತೆ, ಆರೇಳು ಸಾಲು ಹಿಡಿಯುತ್ತೆ. ಕರಡು ಕೆಳಗಿದೆ, ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ.

"ಡಾ. ಇಸ್ರೇಲ್ ಮಿಲೆಜ್ಕೋವ್ಸ್ಕಿ (1887–1943). ವಾರ್ಸಾದ ಯೆಹೂದಿ ಕೇರಿಯಲ್ಲಿ ಆರೋಗ್ಯ ವಿಭಾಗದ ಮುಖ್ಯಸ್ಥರು. ದಿನಕ್ಕೆ 184 ಕ್ಯಾಲೊರಿ ತಿಂದು ಬದುಕುತ್ತಿದ್ದ ರೋಗಿಗಳ ಮೇಲೆ 1942ರಲ್ಲಿ ಪ್ರಯೋಗ ನಡೆಸಿ ಹಸಿವಿನ ಪರಿಣಾಮಗಳನ್ನು ದಾಖಲಿಸಿದರು. ಹಾಲಿನ ಕ್ಯಾನಿನಲ್ಲಿ ಹೂತಿಟ್ಟಿದ್ದ ಅವರ ವರದಿ ಯುದ್ಧದ ನಂತರ ಸಿಕ್ಕಿತು. ನರಮೇಧದಲ್ಲಿ 1943ರಲ್ಲಿ ನಿಧನರಾದರು."

ಅಕ್ಷರಮಗ್ಗ
ಮೊದಲು ಹೆಸರು. ಪೋಲಿಷ್‌ನಲ್ಲಿ ಜೆ ಅಕ್ಷರ 'ಯ' ಆಗುತ್ತೆ, 'ಜ' ಅಲ್ಲ. ಡಬ್ಲ್ಯು ಸಾಮಾನ್ಯವಾಗಿ 'ವ', ಆದರೆ 'ಸ್ಕಿ' ಮುಂದೆ ಬಂದಾಗ 'ಫ' ಆಗಿ ಕೇಳುತ್ತೆ. ಹಾಗಾಗಿ ಮಿಲೆಯ್ಕೊಫ್ಸ್ಕಿ. 'ಮಿಲೆಯ್ಕೋವ್ಸ್ಕಿ' ಅಂತ ಬರೆದರೂ ಜಗಳವಿಲ್ಲ, 'ಮಿಲೆಜ್ಕೋ' ಮಾತ್ರ ಬೇಡ. ಮೊದಲ ಹೆಸರು ಇಜ್ರಾಯೆಲ್. 'ಇಸ್ರೇಲ್' ಅಂದರೆ ಓದುವವರಿಗೆ ದೇಶದ ಹೆಸರೇ ಕಣ್ಣಿಗೆ ಹೊಡೆಯುತ್ತೆ.

ಹಸಿವಿನ ಅಧ್ಯಯನ ಮಾಡಿದ ತಂಡದ ಉಳಿದವರಿಗೂ ಇದೇ ಲೆಕ್ಕ. ಜೂಲಿಯನ್ ಅಲ್ಲ, ಯೂಲಿಯನ್ ಫ್ಲೀಡರ್‌ಬಾಮ್. ಜೋಸೆಫ್ ಅಲ್ಲ, ಯೂಜೆಫ್ ಸ್ಟೈನ್. ಓ ಮೇಲೆ ಗೆರೆ ಇದ್ದರೆ 'ಊ'. ಎಲ್ ಅಕ್ಷರಕ್ಕೆ ಅಡ್ಡಗೆರೆ ಇದ್ದರೆ ಅದು 'ವ', ಹಾಗಾಗಿ ತಂಡದ ಹಸ್ತಪ್ರತಿ ಕಾಪಾಡಿದ ಪ್ರೊಫೆಸರ್ ಒರ್ವೊಫ್ಸ್ಕಿ, 'ಓರ್ಲೋವ್ಸ್ಕಿ' ಅಲ್ಲ. ಆಸ್ಪತ್ರೆಯ ಹೆಸರು ಚಿಸ್ತೆ. 'ಸಿಜಿಸ್ಟೆ' ಅಂತ ಅಚ್ಚಾದರೆ ಪೋಲಿಷ್ ಬಲ್ಲವರು ಯಾವ ಆಸ್ಪತ್ರೆ ಅಂತ ಹುಡುಕಬೇಕಾಗುತ್ತೆ.

ಇನ್ನೊಂದು ಬಲೆ: ಮಕ್ಕಳ ವೈದ್ಯೆ ಆನ್ನಾ ಬ್ರೌದೆ-ಹೆಲ್ಲೆರ್ ಮತ್ತು ಆನ್ನಾ ಬ್ರೌದೆ-ಹೆಲ್ಲೆರೊವಾ ಒಬ್ಬರೇ. 'ಓವಾ' ಮದುವೆಯಾದ ಹೆಣ್ಣಿನ ಹೆಸರಿಗೆ ಹತ್ತುವ ಪ್ರತ್ಯಯ. ಪಟ್ಟಿ ಮಾಡುವಾಗ ಇಬ್ಬರು ಅಂತ ಎಣಿಸಿಬಿಡಬೇಡಿ.

ಸ್ಟೆತಾಸ್ಕೋಪು
184 ತೆಗೀರಿ. ಸಂಖ್ಯೆ ಸುಳ್ಳಲ್ಲ, ಜಾಗ ತಪ್ಪು. 1941ರ ಲೆಕ್ಕಕ್ಕೆ ಸಾಮಾನ್ಯವಾಗಿ ಉಲ್ಲೇಖವಾಗುವ ಅಧಿಕೃತ ಪಡಿತರ ಹೀಗಿದೆ: ಜರ್ಮನ್ನರಿಗೆ 2,613, ಪೋಲರಿಗೆ 699, ಯೆಹೂದಿಗಳಿಗೆ 184 ಕ್ಯಾಲೊರಿ. ಅದು ಕಾರ್ಡಿನ ಮೇಲೆ ಸಿಗುತ್ತಿದ್ದದ್ದು. ಜನ ತಿನ್ನುತ್ತಿದ್ದದ್ದು ಕಾರ್ಡಿನ ಪಡಿತರ, ಗಂಜಿ ಕೇಂದ್ರದ ಸೂಪು, ಗೋಡೆಯಾಚೆಯಿಂದ ಕದ್ದು ತಂದದ್ದು, ಎಲ್ಲ ಸೇರಿಸಿ. ಅಧ್ಯಯನಕ್ಕೆ ಸೇರಿದ ರೋಗಿಗಳದ್ದು ದಿನಕ್ಕೆ ಸುಮಾರು 800 ಕ್ಯಾಲೊರಿ ಅಂತ ವರದಿಯೇ ಹೇಳುತ್ತೆ. ಕಪ್ಪು ಬ್ರೆಡ್ಡು, ರೈ ಹಿಟ್ಟು, ನುಚ್ಚು, ಆಲೂಗಡ್ಡೆ, ನೀರುಸೂಪು. ಕೊಬ್ಬು ಸುಮಾರು 3 ಗ್ರಾಂ.

ಆ 3 ಗ್ರಾಂ ಹತ್ತಿರದಿಂದ ನೋಡಿ. ಒಂದು ಟೀ ಚಮಚ ಎಣ್ಣೆ ನಾಲ್ಕೂವರೆ ಗ್ರಾಂ ತೂಗುತ್ತೆ. ನಾವು ಒಗ್ಗರಣೆಗೆ ಹಾಕುವ ಮೊದಲ ಚಮಚವೂ ಪೂರ್ತಿ ಆಗಲ್ಲ, ಅದೂ ಇಡೀ ದಿನಕ್ಕೆ. 3 ಗ್ರಾಂ ಅಂದರೆ 27 ಕ್ಯಾಲೊರಿ, ಒಟ್ಟು ಆಹಾರದ ನೂರಕ್ಕೆ ಮೂರೂವರೆ ಪಾಲು ಕೂಡ ಇಲ್ಲ.

184 ಬರೆದರೆ ಆಗುವ ತೊಂದರೆ ಇದು: ಓದುವ ವೈದ್ಯ ವಿದ್ಯಾರ್ಥಿ ಮನಸ್ಸಲ್ಲೇ ಲೆಕ್ಕ ಹಾಕಿ 'ಇಷ್ಟರಲ್ಲಿ ತಿಂಗಳುಗಟ್ಟಲೆ ಬದುಕೋಕಾಗಲ್ಲ' ಅಂತಾನೆ. ಅವನು ಹೇಳೋದು ಸರಿಯೇ. ಆಮೇಲೆ ಫಲಕದ ಉಳಿದ ಸಾಲುಗಳನ್ನೂ ನಂಬಲ್ಲ.

ಪುಟತಿರುವಿ
ಹೆಸರು, ಸಂಖ್ಯೆ ಎರಡೂ ತಿದ್ದಿಕೊಂಡೆ. "ಪ್ರಯೋಗ" ಸರಿ ಇದೆಯಾ?

ಮೈಕ್ರೋಟೋಮ್
ಇಲ್ಲ. ನಾತ್ಸಿ ಶಿಬಿರಗಳಲ್ಲಿ ನಡೆದದ್ದನ್ನು ಕನ್ನಡ ಪತ್ರಿಕೆಗಳು 'ವೈದ್ಯಕೀಯ ಪ್ರಯೋಗ' ಅಂತಲೇ ಬರೆಯುತ್ತವೆ. ಅದೇ ಪದ ಇಲ್ಲಿ ಕೂತರೆ ಓದುಗನ ತಲೆಯಲ್ಲಿ ಎರಡೂ ಒಂದಾಗುತ್ತವೆ. ಈ ವೈದ್ಯರು ಯಾರನ್ನೂ ಉಪವಾಸ ಕೆಡವಲಿಲ್ಲ. ಹಸಿವು ಹೊರಗಿನವರು ಹೇರಿದ್ದು, ರೋಗಿಯ ಮೇಲೂ ವೈದ್ಯರ ಮೇಲೂ. ಅಳೆಯುತ್ತಿದ್ದವರು ಕೂಡ ಹಸಿದವರೇ. 'ಅಧ್ಯಯನ' ಅನ್ನಿ.

ಹೇಗೆ ಮಾಡಿದರು ಅನ್ನೋದು ಇಲ್ಲಿ ಮುಖ್ಯ, ಸ್ವಲ್ಪ ಬಿಡಿಸಿ ಬರೀತೀನಿ. ಶುರುವಾದದ್ದು 1942ರ ಫೆಬ್ರವರಿಯಲ್ಲಿ. ಇಪ್ಪತ್ತೆಂಟು ವೈದ್ಯರು ಅಂತ ಲೆಕ್ಕ. ಜಾಗ ಎರಡು: ದೊಡ್ಡವರಿಗೆ ಚಿಸ್ತೆ ಆಸ್ಪತ್ರೆ (ಅಷ್ಟರಲ್ಲಿ ಅದನ್ನು ತನ್ನ ಸ್ವಂತ ಕಟ್ಟಡಗಳಿಂದ ಎಬ್ಬಿಸಿ ಘೆಟ್ಟೊ ಒಳಗೆ ಚೂರುಚೂರಾಗಿ ಹಂಚಿದ್ದರು), ಮಕ್ಕಳಿಗೆ ಬೆರ್ಸೋನ್ ಮತ್ತು ಬೌಮನ್ ಆಸ್ಪತ್ರೆ. ಕೆಲಸ ಪಾಲು ಮಾಡಿಕೊಂಡರು. ದೊಡ್ಡವರ ರೋಗಲಕ್ಷಣ ಮತ್ತು ಚಯಾಪಚಯ (ಮೈ ಆಹಾರವನ್ನು ಶಕ್ತಿಯಾಗಿ ಖರ್ಚು ಮಾಡುವ ಬಗೆ) ಫ್ಲೀಡರ್‌ಬಾಮ್ ಗುಂಪಿಗೆ, ಮಕ್ಕಳು ಬ್ರೌದೆ-ಹೆಲ್ಲೆರೊವಾ ಗುಂಪಿಗೆ, ಹೃದಯ-ರಕ್ತಪರಿಚಲನೆ ಎಮಿಲ್ ಆಪ್‌ಫೆಲ್‌ಬಾಮ್‌ಗೆ, ರಕ್ತ ಶೇನ್‌ಮನ್‌ಗೆ, ಕಣ್ಣು ಫಾಯ್ಗೆನ್‌ಬ್ಲಾಟ್‌ಗೆ, ಶವಪರೀಕ್ಷೆ ಸ್ಟೈನ್ ಮತ್ತು ಫೆನಿಗ್‌ಸ್ಟೈನ್‌ಗೆ.

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ರೋಗಿಗಳನ್ನು ಆರಿಸೋದು. ಘೆಟ್ಟೊ ತುಂಬ ಟೈಫಸ್, ಕ್ಷಯ, ಆಮಶಂಕೆ. ಹಸಿದವನಿಗೆ ಕ್ಷಯವೂ ಇದ್ದರೆ ತೂಕ ಇಳಿದದ್ದು ಯಾವುದರಿಂದ? ಆದ್ದರಿಂದ ಬೇರೆ ಕಾಯಿಲೆ ಬೆರೆಯದ 'ಶುದ್ಧ ಹಸಿವಿನ' ರೋಗಿಗಳನ್ನಷ್ಟೇ ತೆಗೆದುಕೊಂಡರು. ಶವಾಗಾರದಲ್ಲೂ ಅದೇ ಜರಡಿ. ಒಟ್ಟು 3,658 ಶವಪರೀಕ್ಷೆಗಳಲ್ಲಿ ಶುದ್ಧ ಹಸಿವಿನವು ಅಂತ ಬೇರ್ಪಡಿಸಿದ್ದು 492. ಅಂದರೆ ಸುಮಾರು ನೂರಕ್ಕೆ ಹದಿಮೂರೂವರೆ. ಉಳಿದ 3,166 ಮಂದಿ ಹಸಿದಿರಲಿಲ್ಲ ಅಂತ ಅರ್ಥವಲ್ಲ, ಅವರಲ್ಲಿ ಬೇರೇನೋ ಕೂಡಿಕೊಂಡಿತ್ತು. ಇದನ್ನು ತಿರುವಿ 'ಹಸಿವಿನಿಂದ ಸತ್ತವರು 492 ಮಾತ್ರ' ಅಂತ ಬರೆಯುವ ಮಹಾನುಭಾವರೂ ಇದ್ದಾರೆ, ಹಾಗಾಗಿ ಫಲಕಕ್ಕೆ ಹಾಕೋದಾದರೆ ಎರಡೂ ಸಂಖ್ಯೆ ಜೊತೆಗೇ ಇರಲಿ.

ಸ್ಟೆತಾಸ್ಕೋಪು
ತೂಕದ ವಿಷಯವೂ ಸೇರಿಸಬೇಕು. ಹಸಿವು ಹೆಚ್ಚಾದಾಗ ಬಾವು ಬರುತ್ತೆ, ಮುಖಕ್ಕೆ, ಕಾಲಿಗೆ, ಕೆಲವರಿಗೆ ಹೊಟ್ಟೆಗೂ. ಆಗ ತಕ್ಕಡಿ ಸುಳ್ಳು ಹೇಳೋಕೆ ಶುರು ಮಾಡುತ್ತೆ. 36 ಕಿಲೋ ತೂಗುವವನ ಮೈಯಲ್ಲಿ 5 ಲೀಟರ್ ನೀರು ತುಂಬಿದ್ದರೆ ಅವನ ಮೈ 31 ಕಿಲೋ. ವಾರದಲ್ಲಿ ತೂಕ ಏರಿದೆ ಅಂತ ಬರೆದುಕೊಂಡರೆ ವಾಸ್ತವದಲ್ಲಿ ಅವನು ಇನ್ನೂ ಇಳಿದಿರಬಹುದು. ಬಾವಿರುವವರನ್ನೂ ಒಣಗಿದವರನ್ನೂ ಬೇರೆಬೇರೆ ನೋಡಬೇಕಾಗುವುದು ಇದಕ್ಕೇ.

ನಮ್ಮ ಅಂಗನವಾಡಿಗಳಲ್ಲಿ ತೀವ್ರ ಅಪೌಷ್ಟಿಕತೆ ಹುಡುಕುವಾಗ ಬರೀ ತೂಕ ನೋಡದೆ ತೋಳಿನ ಪಟ್ಟಿ (11.5 ಸೆಂ.ಮೀ.ಗಿಂತ ಕಡಿಮೆ) ಹಾಕೋದು, ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ಗುಳಿ ನಿಲ್ಲುತ್ತಾ ನೋಡೋದು ಇದೇ ಕಾರಣಕ್ಕೆ. ಒಂದೇ ಪಾದದಲ್ಲಿ ಗುಳಿ ಬಿದ್ದರೆ ಲೆಕ್ಕಕ್ಕಿಲ್ಲ, ಗಾಯವೋ ಸೋಂಕೋ ಇರಬಹುದು. ಎರಡರಲ್ಲೂ ಬಿದ್ದರೆ ತಕ್ಕಡಿ ಏನೇ ಹೇಳಲಿ, ತೀವ್ರ ಅಪೌಷ್ಟಿಕತೆ.

ವರದಿಯಲ್ಲಿ ದಾಖಲಾದ ಅತಿ ಕಡಿಮೆ ತೂಕ 24 ಕಿಲೋ. ಮೂವತ್ತು ವರ್ಷದ ಹೆಂಗಸು, ಎತ್ತರ 152 ಸೆಂ.ಮೀ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಲೆಕ್ಕ ಹಾಕಿದರೆ 10.4.

ನೀಲಿಶಾಯಿ
ಆ ಹೆಂಗಸಿನ ಸಾಲು ಫಲಕದಲ್ಲಿ ಬಂದರೆ ಓದಿದವರು ಮರೆಯಲ್ಲ. ಅಚ್ಚಾದ ಆ ವರದಿಯ ಪುಸ್ತಕದಲ್ಲಿ ರೋಗಿಗಳ ಫೋಟೋಗಳೂ ಇವೆಯಲ್ಲ, ಒಂದು ಹಾಕಬಹುದಾ?

ಮೈಕ್ರೋಟೋಮ್
ಬೇಡ ಅನ್ನೋದು ನನ್ನ ಮತ. ಆ ಫೋಟೋಗಳನ್ನು ತೆಗೆದದ್ದು ವೈದ್ಯರು ವೈದ್ಯರಿಗೆ ತೋರಿಸೋಕೆ. ಬಟ್ಟೆಯಿಲ್ಲದ ಮೈಗಳು. ಹಾದುಹೋಗುವವರು ಮೊಬೈಲಲ್ಲಿ ಕ್ಲಿಕ್ಕಿಸಿಕೊಂಡು ಹೋಗುವ ಜಾಗದಲ್ಲಿ ಅವು ಇರಬಾರದು. ಅಳತೆಗಳೇ ಸಾಕು.

ಸ್ಟೆತಾಸ್ಕೋಪು
ಒಪ್ಪಿದೆ. ಮೈಕ್ರೋಟೋಮ್ ಅವರೇ, ಶವಪರೀಕ್ಷೆಯ ಭಾಗ ನೀವೇ ಬರೀರಿ. ಚಯಾಪಚಯದ ಬಗ್ಗೆ ಎರಡು ಮಾತು ನಾನು ಹೇಳ್ತೀನಿ.

ಮೂಲ ಚಯಾಪಚಯ ದರ ಅಳೆಯೋಕೆ ರೋಗಿ ರಾತ್ರಿಯಿಡೀ ಏನೂ ತಿಂದಿರಬಾರದು (ಇಲ್ಲಿ ಈ ನಿಯಮ ಓದಿದರೇ ಸಂಕಟ), ಅಲ್ಲಾಡದೆ ಮಲಗಿರಬೇಕು, ಮೂಗು ಮುಚ್ಚಿ ಬಾಯಿನಳಿಗೆಯಲ್ಲಿ ಉಸಿರಾಡಬೇಕು. ನಿಮಿಷಕ್ಕೆ ಎಷ್ಟು ಆಮ್ಲಜನಕ ಖರ್ಚಾಯಿತು ಅನ್ನೋದರಿಂದ ಕ್ಯಾಲೊರಿ ತೆಗೆಯೋದು. ಕೆಡೋದು ಮೂರು ಕಡೆ. ಕೆನ್ನೆ ಒಳಸೇರಿದವರಲ್ಲಿ ನಳಿಗೆಯ ಪಕ್ಕದಿಂದ ಗಾಳಿ ಸೋರಿದರೆ ಅಳತೆ ಕೆಟ್ಟಂತೆಯೇ. ಚಳಿಗೆ ನಡುಗಿದರೆ ದರ ಏರುತ್ತೆ, ಮತ್ತೆ ಹಸಿದವನಿಗೆ ಸದಾ ಚಳಿ. ಮೂರನೆಯದು, ಬಂದ ಅಂಕಿಯನ್ನು ಮೈಯ ಮೇಲ್ಮೈ ವಿಸ್ತಾರಕ್ಕೆ ಭಾಗಿಸಬೇಕು. ವಿಸ್ತಾರ ಬರೋದು ಎತ್ತರ-ತೂಕದಿಂದ. ತೂಕದಲ್ಲಿ ಬಾವಿನ ನೀರಿದ್ದರೆ ಭಾಗಾಕಾರವೇ ವಾಲುತ್ತೆ. ಆ ಕೆಲಸ ಮಾಡಿದವರು ತೆಯೊದೋಜಿಯಾ ಗೊಲಿಬೋರ್ಸ್ಕಾ, ಬದುಕುಳಿದ ಕೆಲವರಲ್ಲಿ ಒಬ್ಬರು. ಹಸಿದ ಮೈ ತನ್ನ ಖರ್ಚನ್ನು ಚೆನ್ನಾಗಿಯೇ ಇಳಿಸಿಕೊಳ್ಳುತ್ತೆ ಅಂತ ಅಳತೆ ತೋರಿಸಿತು. ನಾಡಿ ನಿಧಾನ, ರಕ್ತದೊತ್ತಡ ಕಡಿಮೆ, ಮೈ ತಣ್ಣಗೆ. ಗ್ಲೂಕೋಸ್ ಕೊಟ್ಟು ರಕ್ತದ ಸಕ್ಕರೆ ಹೇಗೆ ಏರಿಳಿಯುತ್ತೆ ನೋಡಿದರು, ಅಡ್ರಿನಲಿನ್ ಚುಚ್ಚಿ ಮೈ ಹೇಗೆ ಸ್ಪಂದಿಸುತ್ತೆ ನೋಡಿದರು.

ಮಕ್ಕಳ ವಿಭಾಗದಿಂದ ಇವತ್ತಿಗೂ ಬೇಕಾಗುವ ವಿಷಯ ಒಂದು: ತೀರಾ ಹಸಿದ ಮಗುವಿನಲ್ಲಿ ಕ್ಷಯ ಇದ್ದರೂ ಚರ್ಮದ ಟ್ಯೂಬರ್‌ಕುಲಿನ್ ಪರೀಕ್ಷೆ ನೆಗೆಟಿವ್ ಬರಬಹುದು. ಮೈ ಪ್ರತಿಕ್ರಿಯೆ ಕೊಡುವ ಶಕ್ತಿಯನ್ನೇ ಕಳಕೊಂಡಿರುತ್ತೆ. ಪರೀಕ್ಷೆ ನೆಗೆಟಿವ್, ಹಾಗಾದರೆ ಕ್ಷಯ ಇಲ್ಲ ಅಂತ ಷರಾ ಬರೆದರೆ ಮಗು ಕೈತಪ್ಪುತ್ತೆ.

ಮೈಕ್ರೋಟೋಮ್
ಶವಪರೀಕ್ಷೆ: ಚರ್ಮದಡಿಯ ಕೊಬ್ಬು ಪೂರ್ತಿ ಮಾಯ. ಹೃದಯ ಚಿಕ್ಕದಾಗಿ ಕಂದು ಬಣ್ಣಕ್ಕೆ ತಿರುಗಿರುತ್ತೆ. ಇದಕ್ಕೆ ಕಂದು ಕ್ಷಯಿಕೆ ಅಂತಾರೆ (ಟಿಬಿಯ ಕ್ಷಯ ಅಲ್ಲ). ಸ್ನಾಯುವಿನ ಎಳೆ ಸಣ್ಣಗಾಗಿ, ಕೋಶಕೇಂದ್ರದ ಎರಡೂ ತುದಿಗೆ ಲಿಪೊಫಸಿನ್ ಅನ್ನೋ ವರ್ಣಕದ ಕಣಗಳು ಗುಂಪಾಗೋದು ಕಾರಣ. ಮುದುಕರ ಹೃದಯದಲ್ಲಿ ಕಾಣೋದು ಇಲ್ಲಿ ಮೂವತ್ತರವರಲ್ಲಿ ಕಾಣುತ್ತೆ. ಲಿವರ್, ಗುಲ್ಮ ಎಲ್ಲ ಕುಗ್ಗುತ್ತವೆ. ಮೆದುಳು ಮಾತ್ರ ಹೆಚ್ಚುಕಡಿಮೆ ತನ್ನ ತೂಕ ಉಳಿಸಿಕೊಳ್ಳುತ್ತೆ.

ನಕ್ಷೆಗಾರ
ಹಾಲಿನ ಕ್ಯಾನ್ ಬೇರೆ ಕಥೆ. ಹಾಲಿನ ಕ್ಯಾನಿನಲ್ಲಿ ಸಿಕ್ಕಿದ್ದು ಇತಿಹಾಸಕಾರ ಎಮ್ಮಾನುಯೆಲ್ ರಿಂಗೆಲ್‌ಬ್ಲುಮ್ ಗುಂಪು ಕೂಡಿಹಾಕಿದ ಗುಪ್ತ ದಾಖಲೆಗಳು. ಅದರ ಮೊದಲ ಭಾಗ ಹತ್ತು ತಗಡಿನ ಪೆಟ್ಟಿಗೆಗಳಲ್ಲಿ 1946ರ ಸೆಪ್ಟೆಂಬರಿನಲ್ಲಿ, ಎರಡನೆಯದು ಎರಡು ಹಾಲಿನ ಕ್ಯಾನುಗಳಲ್ಲಿ 1950ರ ಡಿಸೆಂಬರಿನಲ್ಲಿ ಸಿಕ್ಕಿತು. ಹಸಿವಿನ ಅಧ್ಯಯನದ ಹಸ್ತಪ್ರತಿಯನ್ನು ಗೋಡೆಯಾಚೆ ಪ್ರೊ. ವಿತೋಲ್ದ್ ಒರ್ವೊಫ್ಸ್ಕಿ ಎಂಬ ಪೋಲಿಷ್ ವೈದ್ಯರಿಗೆ ತಲುಪಿಸಿದರು. ಅವರು ಯುದ್ಧ ಮುಗಿಯುವ ತನಕ ಕಾಪಾಡಿ, ಬದುಕುಳಿದಿದ್ದ ಆಪ್‌ಫೆಲ್‌ಬಾಮ್‌ಗೆ ಒಪ್ಪಿಸಿದರು. 1946ರಲ್ಲಿ ಜಾಯಿಂಟ್ ಡಿಸ್ಟ್ರಿಬ್ಯೂಷನ್ ಕಮಿಟಿ (ಅಮೆರಿಕದ ಯೆಹೂದಿ ಪರಿಹಾರ ಸಂಸ್ಥೆ) ವಾರ್ಸಾದಲ್ಲಿ ಅಚ್ಚು ಹಾಕಿಸಿತು, ಪೋಲಿಷ್‌ನಲ್ಲೂ ಫ್ರೆಂಚ್‌ನಲ್ಲೂ. ಆಪ್‌ಫೆಲ್‌ಬಾಮ್ ಅದೇ ವರ್ಷ ತೀರಿಕೊಂಡರು. ಇಂಗ್ಲಿಷಿಗೆ ಬಂದದ್ದು 1979ರಲ್ಲಿ.

ತಾರೀಕುಗಳು: ಘೆಟ್ಟೊ ಗೋಡೆ ಮುಚ್ಚಿದ್ದು 1940ರ ನವೆಂಬರ್ 16. 1942ರ ಜುಲೈ 22ಕ್ಕೆ ನಾತ್ಸಿಗಳ ಕೊಲೆ ಶಿಬಿರವಾದ ಟ್ರೆಬ್ಲಿಂಕಾಗೆ ಸಾಮೂಹಿಕ ಸಾಗಣೆ ಶುರುವಾಯಿತು, ಅಧ್ಯಯನ ಅಲ್ಲಿಗೇ ನಿಂತಿತು. ಸೆಪ್ಟೆಂಬರ್ 21ರೊಳಗೆ ಸುಮಾರು 2,65,000 ಮಂದಿಯನ್ನು ಸಾಗಿಸಿದರು. ಕೆಲಸದ ಒಂದಷ್ಟು ಭಾಗ ಆ ಗದ್ದಲದಲ್ಲಿ ಕಳೆದುಹೋಯಿತು. ಉಳಿದವರು ಕೂತು ಕೈಯಲ್ಲಿದ್ದುದನ್ನು ಒಪ್ಪಮಾಡಿದರು. ಮಿಲೆಯ್ಕೊಫ್ಸ್ಕಿ ಮುನ್ನುಡಿಗೆ ಹಾಕಿದ ತಿಂಗಳು 1942ರ ಅಕ್ಟೋಬರ್. ಸತ್ತ ಸಹವೈದ್ಯರನ್ನು ನೆನೆದು ಅಲ್ಲಿ ಬಳಸಿದ ಲ್ಯಾಟಿನ್ ಮಾತು 'ನಾನ್ ಓಮ್ನಿಸ್ ಮೋರಿಯಾರ್', ನಾನು ಪೂರ್ತಿ ಸಾಯುವವನಲ್ಲ ಅಂತ. 1943ರ ಜನವರಿಯಲ್ಲಿ ನಾತ್ಸಿಗಳು ನಡೆಸಿದ ಮುಂದಿನ ಸಾಗಣೆಯಲ್ಲಿ ಅವರನ್ನೂ ಟ್ರೆಬ್ಲಿಂಕಾ ರೈಲಿಗೆ ತುಂಬಿದರು. ಬ್ರೌದೆ-ಹೆಲ್ಲೆರೊವಾ ಅವರಿಗೆ ಆಚೆ ಹೋಗಿ ಬಚ್ಚಿಟ್ಟುಕೊಳ್ಳುವ ದಾರಿ ಇತ್ತು. ಹೋಗಲಿಲ್ಲ. 1943ರಲ್ಲಿ ಘೆಟ್ಟೊದಲ್ಲೇ ಕೊಲೆಯಾದರು.

ನೀಲಿಶಾಯಿ
ಅಷ್ಟು ಕಷ್ಟಪಟ್ಟು ಬರೆದದ್ದು ಯಾರಿಗಾದರೂ ಉಪಯೋಗಕ್ಕೆ ಬಂತಾ? ಅಮೆರಿಕದ ಮಿನ್ನೆಸೋಟ ಅಧ್ಯಯನದ ಹೆಸರೇ ಎಲ್ಲ ಕಡೆ ಕಾಣುತ್ತೆ.

ಸ್ಟೆತಾಸ್ಕೋಪು
ಮಿನ್ನೆಸೋಟ ಬೇರೆ ಜಾತಿಯದು. 36 ಗಂಡಸರು, ಒಪ್ಪಿ ಬಂದವರು, 24 ವಾರ ಅರೆಹೊಟ್ಟೆ, ದಿನಕ್ಕೆ ಸುಮಾರು 1,570 ಕ್ಯಾಲೊರಿ, ಆಮೇಲೆ ಮತ್ತೆ ಊಟ. ಅಲ್ಲಿ ಹಸಿವಿಗೆ ಮುಂಚಿನ ಅಳತೆಗಳೂ ಇದ್ದವು. ವಾರ್ಸಾದ ವೈದ್ಯರ ಹತ್ತಿರ ರೋಗಿಯ ಹಳೇ ತೂಕ ರೋಗಿಯ ಬಾಯಿಮಾತಲ್ಲಿತ್ತು, ಅಷ್ಟೆ. ಇನ್ನೊಂದು ಕಡೆ, ವಾರ್ಸಾದಲ್ಲಿ ಕಂಡ ಕೊನೆಯ ಹಂತವನ್ನು ಮಿನ್ನೆಸೋಟದಲ್ಲಿ ಯಾರೂ ನೋಡುವಂತಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಉಪಯೋಗದ ಪ್ರಶ್ನೆಗೆ: ಬೇಕಾದ ಹೊತ್ತಿಗೆ ಬರಲಿಲ್ಲ. 1945ರ ಏಪ್ರಿಲ್ 15ಕ್ಕೆ ಬ್ರಿಟಿಷರು ಬೆರ್ಗೆನ್-ಬೆಲ್ಸೆನ್ ಶಿಬಿರ ಬಿಡಿಸಿದಾಗ ಅಲ್ಲಿ ಸುಮಾರು 60,000 ಮಂದಿ ಇದ್ದರು. ಬಿಡುಗಡೆಯ ನಂತರವೇ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಟೈಫಸ್‌ನಿಂದ, ಹಸಿವಿನಿಂದ. ಮೊದಮೊದಲು ಸೈನಿಕರು ಕನಿಕರದಿಂದ ಕೊಟ್ಟ ಕೊಬ್ಬಿನ ಡಬ್ಬಿ ಊಟವೂ ಕೆಲವರನ್ನು ಕೊಂದಿತು. ಆಮೇಲೆ ತಂದದ್ದು 'ಬೆಂಗಾಲ್ ಫ್ಯಾಮಿನ್ ಮಿಕ್ಸ್ಚರ್', 1943ರ ಬಂಗಾಳ ಬರಗಾಲದ ಅನುಭವದಿಂದ ಹುಟ್ಟಿದ ಮಿಶ್ರಣ. ಅತಿ ಸಿಹಿ. ಪೂರ್ವ ಯುರೋಪಿನ ನಾಲಿಗೆಗೆ ಒಗ್ಗಲಿಲ್ಲ, ಬಹಳ ಜನ ಉಗಿದರು. ಪ್ರೋಟೀನ್ ದ್ರಾವಣವನ್ನು ಸೂಜಿಯಲ್ಲಿ ಕೊಡಲು ಹೋದರೆ ಸೂಜಿ ನೋಡಿಯೇ ಕಿರುಚಿದರು, ಶಿಬಿರಗಳಲ್ಲಿ ಸೂಜಿ ಚುಚ್ಚಿ ಕೊಲ್ಲುತ್ತಿದ್ದರಲ್ಲ. ಇದೆಲ್ಲ ನಡೆಯುವಾಗ ವಾರ್ಸಾದ ಹಸ್ತಪ್ರತಿ ಇನ್ನೂ ಅಚ್ಚಾಗಿರಲಿಲ್ಲ.

ಒಂದೇ ಸಲ ಹೊಟ್ಟೆ ತುಂಬ ಕೊಟ್ಟರೆ ಯಾಕೆ ಸಾಯುತ್ತಾರೆ ಅಂದರೆ, ಸಕ್ಕರೆ ಒಳಗೆ ಹೋದ ಕೂಡಲೇ ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತದಿಂದ ಜೀವಕೋಶಕ್ಕೆ ನುಗ್ಗುತ್ತವೆ, ರಕ್ತದಲ್ಲಿ ಬರಿದಾಗುತ್ತೆ. ಆಗಲೇ ಸವೆದ ಹೃದಯ ಅದನ್ನು ತಡೆಯಲ್ಲ. ಈಗ ತೀವ್ರ ಅಪೌಷ್ಟಿಕತೆಯ ಮಗುವಿಗೆ ಮೊದಲ ದಿನಗಳಲ್ಲಿ ಕೊಡೋ ಎಫ್-75 ಹಾಲಿನಲ್ಲಿ 100 ಮಿ.ಲೀ.ಗೆ 75 ಕ್ಯಾಲೊರಿ ಮಾತ್ರ. ದಿನಕ್ಕೆ ಕಿಲೋಗೆ 130 ಮಿ.ಲೀ., ಎರಡೆರಡು ಗಂಟೆಗೆ ಹಂಚಿ, ರಾತ್ರಿಯೂ ಎಬ್ಬಿಸಿ. ಬಾವು ಬಹಳ ಇದ್ದರೆ 100 ಮಿ.ಲೀ.ಗೆ ಇಳಿಸಬೇಕು. 'ಮಗು ಅಳ್ತಿದೆ, ಇನ್ನೊಂದು ಲೋಟ ಕೊಡಿ' ಅನ್ನೋ ಅಜ್ಜಿಯನ್ನು ಒಪ್ಪಿಸೋದೇ ಪೌಷ್ಟಿಕ ಪುನಶ್ಚೇತನ ಕೇಂದ್ರದ ನರ್ಸ್‌ಗೆ ದೊಡ್ಡ ಕೆಲಸ.

ಅಕ್ಷರಮಗ್ಗ
ಪದಗಳ ಕಡೆ ವಾಪಸ್ ಬರೋಣ, ಮೂರು ಉಳಿದಿವೆ.

'ಕೇರಿ' ಬೇಡ. ನಮ್ಮಲ್ಲಿ ಕೇರಿ ಅಂದ ಕೂಡಲೇ ಜಾತಿಯ ಲೆಕ್ಕ ಬರುತ್ತೆ, ಆ ಲೆಕ್ಕದ ಕ್ರೌರ್ಯ ಬೇರೆ, ಇತಿಹಾಸ ಬೇರೆ. ಮೇಲಾಗಿ ಕೇರಿಗೆ ಗೋಡೆ ಕಟ್ಟಿ ನಾಲ್ಕು ಲಕ್ಷ ಜನರನ್ನು ಒಳಗಿಟ್ಟು ಕಾವಲು ಹಾಕಿರಲ್ಲ. 'ಘೆಟ್ಟೊ' ಅಂತಲೇ ಬಿಡಿ.

'ನರಮೇಧ' ಪತ್ರಿಕೆಗಳಲ್ಲಿ ಚಾಲ್ತಿಯಲ್ಲಿದೆ, ಆದರೆ ಮೇಧ ಅಂದರೆ ಯಜ್ಞ, ಬಲಿ. ಹೋಲೊಕಾಸ್ಟ್ ಅನ್ನೋ ಗ್ರೀಕ್ ಮೂಲದ ಪದಕ್ಕೂ ಅದೇ ದೋಷ, ಪೂರ್ತಿ ಸುಟ್ಟ ಬಲಿ ಅಂತ ಅರ್ಥ. ಯೆಹೂದಿಗಳಲ್ಲೇ ಅನೇಕರು ಅದನ್ನು ಬಿಟ್ಟು 'ಷೋಆ' ಅಂತಾರೆ, ಮಹಾನಾಶ. ಇಲ್ಲಿ ಯಾರೂ ಯಾವ ದೇವರಿಗೂ ಬಲಿ ಕೊಟ್ಟಿಲ್ಲ. 'ಹತ್ಯಾಕಾಂಡ' ಸಾಕು, ಅಥವಾ 'ಹೋಲೊಕಾಸ್ಟ್' ಅಂತ ಹೆಸರಾಗಿ ಬರೀರಿ.

'ನಿಧನರಾದರು' ಖಂಡಿತ ಬೇಡ. ಅದು ಮನೆಯಲ್ಲಿ, ಹಾಸಿಗೆಯಲ್ಲಿ ಸತ್ತವರಿಗೆ. 'ಕೊಲ್ಲಲ್ಪಟ್ಟರು' ಅಂದರೆ ಕೊಂದವರು ವಾಕ್ಯದಿಂದ ಜಾರಿಕೊಳ್ತಾರೆ. ಕನ್ನಡದಲ್ಲಿ ನೇರವಾಗಿ 'ನಾತ್ಸಿಗಳು ಕೊಂದರು' ಅನ್ನೋಕೆ ಏನು ಅಡ್ಡಿ?

ಪುಟತಿರುವಿ
ತಿದ್ದಿದ ಪಾಠ:

"ಡಾ. ಇಜ್ರಾಯೆಲ್ ಮಿಲೆಯ್ಕೊಫ್ಸ್ಕಿ, 1887–1943. ವಾರ್ಸಾ ಘೆಟ್ಟೊದ ಯೆಹೂದಿ ಮಂಡಳಿಯ ಆರೋಗ್ಯ ವಿಭಾಗದ ಮುಖ್ಯಸ್ಥರು. 1942ರ ಫೆಬ್ರವರಿಯಿಂದ ಜುಲೈವರೆಗೆ 28 ಹಸಿದ ವೈದ್ಯರ ತಂಡ ಇವರ ನೇತೃತ್ವದಲ್ಲಿ ಹಸಿವಿನ ಕಾಯಿಲೆಯನ್ನು ಅಧ್ಯಯನ ಮಾಡಿತು. ರೋಗಿಗಳ ಆಹಾರ ದಿನಕ್ಕೆ ಸುಮಾರು 800 ಕ್ಯಾಲೊರಿ, ಕೊಬ್ಬು 3 ಗ್ರಾಂ. 3,658 ಶವಪರೀಕ್ಷೆಗಳಲ್ಲಿ 492 ಹಸಿವಿನಿಂದ ಸತ್ತವರವು. ಹಸ್ತಪ್ರತಿಯನ್ನು ಪ್ರೊ. ವಿತೋಲ್ದ್ ಒರ್ವೊಫ್ಸ್ಕಿ ಕಾಪಾಡಿದರು, 1946ರಲ್ಲಿ ಅಚ್ಚಾಯಿತು. 1943ರ ಜನವರಿಯಲ್ಲಿ ನಾತ್ಸಿಗಳು ಡಾ. ಮಿಲೆಯ್ಕೊಫ್ಸ್ಕಿ ಅವರನ್ನು ಟ್ರೆಬ್ಲಿಂಕಾ ರೈಲಿಗೆ ಹಾಕಿ ಕೊಂದರು."

ಮೈಕ್ರೋಟೋಮ್
ಶವಪರೀಕ್ಷೆಯ ಸಾಲಲ್ಲಿ ನಾನು ಹೇಳಿದ ತಪ್ಪೇ ನುಸುಳಿದೆ. "492 ಬೇರೆ ಯಾವ ಕಾಯಿಲೆಯೂ ಬೆರೆಯದೆ ಹಸಿವೊಂದರಿಂದಲೇ ಸತ್ತವರವು" ಅಂತ ಮಾಡಿ. ಒಂದು ಸಾಲು ಉದ್ದವಾದರೆ ಅಕ್ಷರದ ಗಾತ್ರ ಇಳಿಸಿ.

ಅಕ್ಷರಮಗ್ಗ
ಅಚ್ಚಿಗೆ ಕೊಡುವ ಮುಂಚೆ 'ಯ್ಕೊ' ಮತ್ತು 'ಫ್ಸ್ಕಿ' ಒತ್ತಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಹಳೇ ಫಾಂಟುಗಳಲ್ಲಿ ಮೂರು ವ್ಯಂಜನ ಕೂಡಿದಾಗ ಕೆಳಗಿನ ಒತ್ತು ಮುಂದಿನ ಸಾಲಿನ ಮೇಲೆ ಕೂರುತ್ತೆ. ಸಾಲಂತರ ಒಂದೂವರೆ ಇಟ್ಟರೆ ಸರಿಹೋಗುತ್ತೆ.

ಪುಟತಿರುವಿ
ಕೂತಿತ್ತು, ಎರಡನೇ ಸಾಲಿನ 'ವಾ' ಮೇಲೆಯೇ. ಅಂತರ ಹೆಚ್ಚಿಸಿದೆ, 492ರ ಸಾಲನ್ನೂ ಬದಲಿಸಿದೆ. ನಾಳೆ ಅಚ್ಚಿಗೆ.